ಗಾಯರಾಣದ ಮಣ್ಣು

ಬಸರಗಟ್ಟಿಯ ಬಸ್ ಸ್ಟ್ಯಾಂಡಿನ ಹಿಂದುಗಡೆ ಕಾಂಚನಳ ಖಾನಾವಳಿ ಇತ್ತು. ಬ್ಯಾಂಕಿನ ಗುಮಾಸ್ತರು, ಹೈಸ್ಕೂಲಿನ ಮಾಸ್ತರರು, ಪೊಲೀಸ್ ಚೌಕಿಯ ಹವಾಲ್ದಾರರು, ಎರಡೂ ಪಾರ್ಟಿಯ ಹುಡುಗರು, ಎಲ್ಲರೂ ಅಲ್ಲಿ ಒಂದೇ ಬೆಂಚಿನ ಮೇಲೆ ಮೊಳಕೈಗೆ ಮೊಳಕೈ ತಾಗಿಸಿಕೊಂಡು ರೊಟ್ಟಿ ಉಣ್ಣುತ್ತಿದ್ದರು. ಮರಾಠಿ ಸೀಮೆಗೆ ಸೇರಿದ ಜತ್ತ ತಾಲೂಕಿನ ಈ ಊರು ಗ್ರಾಮಪಂಚಾಯತಿಯಿಂದ ನಗರಪಂಚಾಯತಿ ಆದ ಮೇಲೆ ಅದರ ಚಹರೆಯೇ ಬದಲಾಗಿತ್ತು. ರಸ್ತೆ ಅಗಲವಾಯಿತು, ಪೆಟ್ರೋಲ್ ಪಂಪು ಬಂತು, ಕಂಬಕಂಬಕ್ಕೂ ಯಾರದಾದರೂ ಹುಟ್ಟುಹಬ್ಬದ ಫ್ಲೆಕ್ಸು ತೂಗಿತು. ಮಾಡಗ್ಯಾಳದಿಂದ ಕುರಿ ತರುವವರು ಕೂಡ ಫೋನಿನಲ್ಲೇ ವ್ಯವಹಾರ ಮುಗಿಸುತ್ತಿದ್ದರು. ಇಷ್ಟೆಲ್ಲ ಬಂದರೂ ಊರಿನ ಕ್ಯಾಥೋಲಿಕ್ ಮಂದಿಗೆ ಹೆಣ ಹೂಳಲು ಒಂದು ಗೇಣು ಜಾಗ ಮಾತ್ರ ಬಂದಿರಲಿಲ್ಲ.

ಇದ್ದದ್ದೇ ಹತ್ತಾರು ಮನೆ. ಕೂಲಿನಾಲಿ ಮಾಡುತ್ತಿದ್ದ ಮಂದಿ, ಅಜ್ಜಂದಿರ ಕಾಲದಲ್ಲಿ ಯಾವನೋ ಪಾದ್ರಿಯ ಕೈಯಲ್ಲಿ ದೀಕ್ಷಾಸ್ನಾನ ಪಡೆದವರು. ಹೆಸರುಗಳು ಊರಿನವೇ ಉಳಿದವು. ಕಾಂಚನಳ ಅತ್ತೆ ಚರ್ಚಿನ ದಾಖಲೆಯಲ್ಲಿ ಮರಿಯಾ, ಓಣಿಯಲ್ಲಿ ಭಾಗವ್ವ. ಕಾಂಚನಳ ಗಂಡ ಅಲ್ಲಿ ಥಾಮಸ್, ಇಲ್ಲಿ ತಾನಾಜಿ. ಬೋರ್‌ವೆಲ್ಲಿನ ಸುಟ್ಟ ಮೋಟರು ರಿಪೇರಿ ಮಾಡುವುದು ಅವನ ಕಸಬು. ಕೇರಿಯ ತುದಿಯ ಹಂಚಿನ ಕೋಣೆಯೇ ಅವರ ಚರ್ಚು. ಮಿರಜದಿಂದ ಫಾದರ್ ಲಾಜರ್ ತಿಂಗಳಿಗೊಮ್ಮೆ ಬಂದು ಪೂಜೆ ಅರ್ಪಿಸುತ್ತಿದ್ದರು. ಉಳಿದ ಭಾನುವಾರ ಇವರೇ ಕೂಡಿ ಜಪಸರ ಹೇಳುತ್ತಿದ್ದರು. ಪ್ರಾರ್ಥನೆ ಮರಾಠಿಯಲ್ಲಿ, ಹಾಡು ಕನ್ನಡದಲ್ಲಿ.

ಮೊದಲು ಸತ್ತವರನ್ನು ಹಳ್ಳದ ದಂಡೆಯಲ್ಲಿ, ತಮ್ಮ ಹಳೆಯ ಬಳಗದವರ ಪಕ್ಕದಲ್ಲೇ ಹೂಳುತ್ತಿದ್ದರು. ಯಾರೂ ಏನೂ ಅಂದಿರಲಿಲ್ಲ. ಕಾಂಚನಳ ಮಾವ ತಮ್ಮಣ್ಣ ತೀರಿದ ವರ್ಷ ಮಾತ್ರ ಹೊರಗಿನಿಂದ ಬಂದ ಒಂದಿಷ್ಟು ಹುಡುಗರು ಹಳ್ಳದ ದಾರಿಗೆ ಅಡ್ಡ ನಿಂತರು. "ದೇವ್ರ ಬದಲಿ ಮಾಡ್ಕೊಂಡೀರಿ, ಮಣ್ಣೂ ಬದಲಿ ಮಾಡ್ಕೋರಿ" ಎಂದರು. ಬಳಗದ ಹಿರಿಯರು ತಲೆ ತಗ್ಗಿಸಿ ನಿಂತಿದ್ದರು. ಬೇಸಿಗೆಯ ಬಿಸಿಲಲ್ಲಿ ಹೆಣವನ್ನು ಟೆಂಪೋದಲ್ಲಿ ಹಾಕಿಕೊಂಡು ಮಿರಜಕ್ಕೆ ಒಯ್ಯಬೇಕಾಯಿತು. ರಸ್ತೆ ಕೆಟ್ಟಿತ್ತು. ಗಂಡನ ತಲೆ ಹಲಗೆಗೆ ಬಡಿಯಬಾರದೆಂದು ಭಾಗವ್ವ ದಾರಿಯುದ್ದಕ್ಕೂ ಅಂಗೈಯನ್ನು ಅವನ ತಲೆಯಡಿಗೆ ಒಡ್ಡಿಕೊಂಡೇ ಕೂತಿದ್ದಳು. ಆಮೇಲೆ ಒಂದೆರಡು ಸಲ ನವೆಂಬರಿನಲ್ಲಿ, ಸತ್ತವರ ಹಬ್ಬಕ್ಕೆ ಹೋಗಿ ಗೋರಿಯ ಮೇಲೆ ಮೇಣಬತ್ತಿ ಹಚ್ಚಿ ಬಂದಳು. ಮೊಳಕಾಲು ಹೋದ ಮೇಲೆ ಅದೂ ನಿಂತಿತು.

ನಗರಪಂಚಾಯತಿಯ ಮೊದಲ ಚುನಾವಣೆಯಲ್ಲಿ ಇವರ ಕೇರಿಯ ವಾರ್ಡು ಹೆಂಗಸರಿಗೆ ಮೀಸಲಾಯಿತು. ಸಿಮೆಂಟ್ ಅಂಗಡಿಯ ಶ್ರೀಶೈಲಪ್ಪ, ಊರಿನ ದೊಡ್ಡ ಪಾರ್ಟಿಯ ಮುಂದಾಳು, ತಾನೇ ಖಾನಾವಳಿಗೆ ಬಂದು ಕಾಂಚನಳನ್ನು ನಿಲ್ಲಲು ಕೇಳಿದ. ಅವಳು ಒಲ್ಲೆನೆಂದಳು. ಆಗ ಒಳಗಿನಿಂದ ಭಾಗವ್ವನೇ ಕೂಗಿದಳು: "ನಿಲ್ಲತಾಳ ಅಂತ ತಿಳೀರಿ. ನಮಗ ಮಣ್ಣಿಗೆ ಜಾಗಾ ಕೊಡಸ್ತೀನಿ ಅಂತ ನೀವು ಮಾತ ಕೊಡ್ರಿ." ಶ್ರೀಶೈಲಪ್ಪ ಹಣೆಯ ವಿಭೂತಿ ಮುಟ್ಟಿ ಮಾತು ಕೊಟ್ಟ. ಕಾಂಚನ ಗೆದ್ದಳು. ಊಟ ಮಾಡಿದವರೆಲ್ಲ ಓಟು ಹಾಕಿದರು ಎಂದು ಊರಲ್ಲಿ ನಗೆಯಾಡಿದರು.

ಶ್ರೀಶೈಲಪ್ಪ ಮಾತು ಮರೆಯುವವನಲ್ಲ. ಮುಂದಿನ ವರ್ಷದ ಬೇಸಿಗೆಯ ಹೊತ್ತಿಗೆ ಪೇಢೆಯ ಪೊಟ್ಟಣ ಹಿಡಿದುಕೊಂಡು ಬಂದ.

"ಕಾಂಚನಕ್ಕ, ಬಾಯಿ ಸಿಹಿ ಮಾಡ್ಕೋರಿ. ನಿಮ್ಮ ಜಾಗಾದ ಕೆಲಸ ಆತು. ಸೋನ್ಯಾಳ ರಸ್ತೆದಾಗ ಗಾಯರಾಣ ಐತೆಲ್ಲ, ಅದರಾಗಿನ ಒಂದ ತುಕಡಿ. ಬರೂ ಮೀಟಿಂಗಿನ್ಯಾಗ ಠರಾವ ಇಡೂಣು. ಸೂಚಕಿ ಅಂತ ನಿಮ್ಮ ಹೆಸರ ಹಾಕೇವಿ."

ಭಾಗವ್ವ ಪೇಢೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಆ ಭಾನುವಾರ ಹಂಚಿನ ಕೋಣೆಯಲ್ಲಿ ಎಲ್ಲರೂ ನಿಂತು ಕೃತಜ್ಞತೆಯ ಹಾಡು ಹೇಳಿದರು. ಮುದುಕರು ತಮ್ಮತಮ್ಮೊಳಗೆ ಯಾರು ಮೊದಲು ಹೋಗುತ್ತಾರೆಂದು ಚೇಷ್ಟೆ ಮಾಡಿಕೊಂಡರು. ಕಾಂಚನಳಿಗೆ ತನ್ನ ಬದುಕಿನಲ್ಲಿ ಒಂದು ಕೆಲಸವಾದರೂ ಪೂರಾ ಆಯಿತು ಅನ್ನಿಸಿತು.

ಜಾಗ ನೋಡಬೇಕೆಂದು ಭಾಗವ್ವ ಹಟ ಹಿಡಿದಳು. ಕಾಂಚನ ಒಂದು ಆಟೋದಲ್ಲಿ ಅತ್ತೆಯನ್ನು ಕೂರಿಸಿಕೊಂಡು ಹೋದಳು. ಗಾಯರಾಣ ಅಂದರೆ ಅವಳ ಲೆಕ್ಕದಲ್ಲಿ ಬರೀ ಕಲ್ಲು, ಜಾಲಿಕಂಟಿ, ದನ ಮೇಯುವ ಸರಕಾರಿ ಬಯಲು. ರಸ್ತೆಯಿಂದ ಒಳಕ್ಕೆ ತಿರುಗಿದ ಮೇಲೆ ಗುಡಿಸಲುಗಳು ಕಂಡವು. ಒಂದು ಕಾಲಕ್ಕೆ ಬೇಟೆಯಾಡಿಕೊಂಡು ಅಲೆಯುತ್ತಿದ್ದ ಪಾರಧಿ ಮಂದಿಯ ಗುಡಿಸಲು. ಅವರು ಆ ಕಡೆ ಎಲ್ಲೋ ಇದ್ದಾರೆಂದು ಅವಳಿಗೆ ಗೊತ್ತಿತ್ತು, ಸಂತೆಯಲ್ಲಿ ನೋಡಿದ್ದಳು, ಆದರೆ ಇಲ್ಲೇ, ಇದೇ ಜಾಗದಲ್ಲಿ ಎಂದು ಗೊತ್ತಿರಲಿಲ್ಲ. ಚುನಾವಣೆಯ ಹಳೆಯ ಫ್ಲೆಕ್ಸುಗಳನ್ನು ಮಾಡಿಗೆ ಹೊದಿಸಿದ್ದರು. ಒಂದರ ಮೇಲೆ ಶ್ರೀಶೈಲಪ್ಪನ ಮುಖ ತಲೆಕೆಳಗಾಗಿ ಕೈಮುಗಿದಿತ್ತು. ಅದರ ಪಕ್ಕದಲ್ಲಿ ಅವಳದೇ ಮುಖ ಅರ್ಧ ಹರಿದಿತ್ತು. ನೆಲದ ಮೇಲೆ ಯಾರೋ ಸುಣ್ಣದ ಗೆರೆ ಎಳೆದು ಹೋಗಿದ್ದರು. ಗೆರೆ ಒಂದು ಒಲೆಯ ನಡುವೆಯೇ ಹಾಯ್ದಿತ್ತು. ಆ ಒಲೆಯ ಮುಂದೆ ಒಬ್ಬ ಹೆಂಗಸು ಕೂತು ಸೌದೆ ಮುರಿಯುತ್ತಿದ್ದಳು.

"ಯಾರ್ರಿ ಬೇಕಾಗಿತ್ತು?" ಎಂದು ಅವಳು ಎದ್ದು ನಿಂತಳು. ಹೆಸರು ಶೀತಲ ಎಂದಳು. ಕಂಕುಳಲ್ಲಿ ಒಂದು ಕೂಸು, ಒಳಗೊಂದು ಮಲಗಿತ್ತು. "ಅಳತಿ ಮಾಡಾಕ ಬಂದೀರೇನ್ರಿ? ನಿನ್ನಿ ಬಂದವರು ಏನೂ ಹೇಳದ ಸುಣ್ಣಾ ಹಾಕಿ ಹೋದ್ರು."

"ಇಲ್ಲವ್ವ. ನೀವು ಎಷ್ಟ ವರ್ಷದಿಂದ ಇಲ್ಲಿ ಅದೀರಿ?"

"ನಾ ಹುಟ್ಟಿದ್ದ ಇಲ್ಲೇ ಅಂತಾರ. ಇವೂ ಇಲ್ಲೇ ಹುಟ್ಟ್ಯಾವ. ಏನ ಕಟ್ಟತಾರ್ರಿ ಇಲ್ಲಿ?"

ಆಟೋದೊಳಗಿನಿಂದ ಭಾಗವ್ವ ಹೇಳಿದಳು: "ನಮ್ಮ ಸತ್ತವರನ್ನ ಇಡೂ ಜಾಗಾ ಮಾಡ್ತಾರವ್ವ."

ಶೀತಲ ಮುದುಕಿಯ ಮುಖ ನೋಡಿದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. "ಯಾವಾಗ ಏಳಬೇಕ್ರಿ ನಾವು?" ಎಂದಳು. "ಒಳಗ ಮಲಗಿದ ಹುಡುಗಿಗೆ ಮೈ ಸುಡಾಕತ್ತೈತಿ. ಎರಡ ದಿನಾ ತಡದ್ರ ಚಲೋ ಆಗ್ತಿತ್ತು."

ಆ ಮಾತು ಕಾಂಚನಳ ಎದೆಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಆ ಹೆಂಗಸು ಬೈದಿದ್ದರೆ, ಕಲ್ಲು ಎಸೆದಿದ್ದರೆ ಉತ್ತರ ಕೊಡಬಹುದಿತ್ತು. ಎಬ್ಬಿಸುತ್ತಾರೆ ಎಂಬುದರ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ಯಾವಾಗ ಎಂಬುದಷ್ಟೇ ಬೇಕಿತ್ತು.

ಮರುದಿನ ಕಾಂಚನ ಸಿಮೆಂಟ್ ಅಂಗಡಿಗೆ ಹೋದಳು. ಶ್ರೀಶೈಲಪ್ಪ ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ.

"ಅಣ್ಣಾರ, ಅಲ್ಲಿ ಮಂದಿ ಅದಾರ್ರಿ."

"ಪಾರಧಿ ಮಂದಿ ಹೌದಲ್ಲ? ಅದಾರ. ಅವ್ರಿಗೆ ಊರು ಅಂತ ಎಲ್ಲಿ ಐತಿ ತಂಗಿ. ಇವತ್ತ ಇಲ್ಲಿ, ನಾಳಿ ಮತ್ತೊಂದ ಕಡಿ. ನೀವು ಅದನ್ನ ತಲಿಗೆ ಹಚ್ಚಿಕೋಬ್ಯಾಡ್ರಿ."

"ಅಕಿ ಅಲ್ಲೇ ಹುಟ್ಯಾಳಂತ್ರಿ."

ಶ್ರೀಶೈಲಪ್ಪ ಚಹಾದ ಕಪ್ಪು ಕೆಳಗಿಟ್ಟ. ಅವನ ದನಿಯಲ್ಲಿ ಕೇಡಿರಲಿಲ್ಲ, ತನ್ನ ಮನೆಯ ಹೆಣ್ಣುಮಗಳಿಗೆ ವ್ಯವಹಾರ ತಿಳಿಸಿ ಹೇಳುವ ಹಾಗೆ ಹೇಳಿದ. "ನೋಡ್ರಿ, ಅಲ್ಲಿಂದ ಅವರನ್ನ ತಗೀಬೇಕು ಅಂತ ಆ ರಸ್ತೆದಾಗಿನ ಜಾಗಾದ ಮಾಲಕರು ಕೇಳಾಕತ್ತು ಭಾಳ ದಿನಾ ಆತು. ಸುಮ್ನ ತಗದ್ರ ಪೇಪರ್ದವರು ಬರ್ತಾರ, ಮೋರ್ಚಾ ಆಕ್ಕಾವ. ದಫನಭೂಮಿಗೆ, ಅದೂ ನಿಮ್ಮಂಥ ಸಣ್ಣ ಸಮಾಜಕ್ಕ ಅಂದ್ರ ಯಾರೂ ಬಾಯಿ ತಗಿಯಂಗಿಲ್ಲ. ನಿಮಗೂ ಜಾಗಾ ಸಿಗ್ತೈತಿ, ಊರಿಗೂ ಚಲೋ ಆಗ್ತೈತಿ."

ಸೂಚಕಿಯೆಂದು ತನ್ನ ಹೆಸರನ್ನೇ ಯಾಕೆ ಹಾಕಿದರೆಂದು ಕಾಂಚನಳಿಗೆ ಆಗ ತಿಳಿಯಿತು. ಚಹಾ ಕುಡಿದು ಎದ್ದು ಬಂದಳು. ಕುಡಿಯದೆ ಬರುವುದು ಸರಿಯಲ್ಲ ಅನ್ನಿಸಿತ್ತು. ಮಾವನ ಹೆಣ ಟೆಂಪೋಕ್ಕೆ ಏರಿಸುವಾಗ ಒಂದು ಮಗ್ಗಲು ಹೆಗಲು ಕೊಟ್ಟವನು ಅವನೇ.

ಫಾದರ್ ಲಾಜರ್ ಆ ತಿಂಗಳ ಪೂಜೆಗೆ ಬಂದಾಗ ಅವಳು ಎಲ್ಲವನ್ನೂ ಹೇಳಿದಳು. ಫಾದರ್ ಬೆಳಗಾವಿ ಕಡೆಯವರು, ವಯಸ್ಸಾಗಿತ್ತು. ಬಸ್ಸಿನ ಧೂಳಿನಿಂದ ಕೆಮ್ಮುತ್ತಿದ್ದರು.

"ಕಾಂಚನ, ನಾನು ರಾಜಕೀಯ ಮಾತಾಡೋದಿಲ್ಲಮ್ಮ. ಇಷ್ಟು ವರ್ಷ ಕಾದಿದ್ದೀರಿ. ಜಾಗ ಸಿಗ್ತದೆ ಅಂತ ಬಿಷಪ್ಪರಿಗೂ ಹೇಳಿಬಿಟ್ಟಿದ್ದೇನೆ."

"ನಾ ರಾಜಕೀಯ ಕೇಳಾಕತ್ತಿಲ್ರಿ ಫಾದರ್. ಪಾಪ ಹೌದೋ ಅಲ್ಲೋ, ಅಷ್ಟ ಹೇಳ್ರಿ."

ಫಾದರ್ ಪೂಜೆಯ ಬಟ್ಟೆ ಮಡಚಿ ಚೀಲದಲ್ಲಿಟ್ಟರು. "ನಿನ್ನ ಮನಸ್ಸಾಕ್ಷಿ ಏನು ಹೇಳ್ತದೆ?"

"ಅದು ಹೇಳಾಕತ್ತೈತ್ರಿ. ಅದಕ್ಕ ನಿಮ್ಮ ಹಂತ್ಯಾಕ ಬಂದೇನಿ. ಅದು ಹೇಳೂದು ತಪ್ಪ ಅಂತ ನೀವಾದ್ರೂ ಅಂತೀರೇನೋ ಅಂತ."

ಅವರು ಹಾಗೆ ಅನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದರು. ಆ ಮುದುಕ ಮನುಷ್ಯನ ಬೆನ್ನು ನೋಡುತ್ತ ಕಾಂಚನಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಇದನ್ನು ತಾನೊಬ್ಬಳೇ ಹೊರಬೇಕು ಅನ್ನುವುದಷ್ಟೇ ಸ್ಪಷ್ಟವಾಯಿತು.

ಮನೆಯಲ್ಲಿ ಹೇಳಿದಾಗ ತಾನಾಜಿ ಕೈಯಲ್ಲಿದ್ದ ತಾಮ್ರದ ತಂತಿಯನ್ನು ನೆಲಕ್ಕೆ ಒಗೆದ.

"ನಾಕ ಗುಡಿಸಲಾ ಅವ್ರು ಎಲ್ಲೆರ ಹಾಕ್ಕೋತಾರ. ಹೆಣಾ ಎಲ್ಲಿ ಹಾಕೂಣು, ನೀ ಹೇಳ. ನಮ್ಮ ಅಪ್ಪನ್ನ ಹೆಂಗ ಒಯ್ದೇವಿ ಅಂತ ನೀ ನೋಡಿಲ್ಲೇನು?"

"ನೋಡೇನಿ. ಅದಕ್ಕ ಹೇಳಾಕತ್ತೇನಿ. ನಮಗ ಅವತ್ತ ದಾರಿಗೆ ಅಡ್ಡ ನಿಂತವರೂ ಇದನ್ನ ಅಂದಿದ್ರಲ್ಲ, ಎಲ್ಲೆರ ಹೋಗ್ರಿ ಅಂತ."

ತಾನಾಜಿ ಅತ್ತ ತಿರುಗಿದ. ಅತ್ತೆಯಾದರೂ ತನ್ನ ಕಡೆ ಒಂದು ಮಾತು ಆಡಿಯಾಳು ಎಂದು ಕಾಂಚನಳಿಗೆ ಆಸೆಯಿತ್ತು. ಆ ಹೆಂಗಸನ್ನು ಕಣ್ಣಾರೆ ಕಂಡು ಬಂದವಳು ಭಾಗವ್ವ. ಆದರೆ ಭಾಗವ್ವ ಹಾಸಿಗೆಯ ಮೇಲೆ ಗಟ್ಟಿಯಾಗಿ ಕೂತು ಹೇಳಿದಳು:

"ನಾ ಅಕಿನ್ನ ನೋಡೇನಿ. ಅಕಿ ಕೂಸನ್ನೂ ನೋಡೇನಿ. ಆದ್ರೂ ನನಗ ಜಾಗಾ ಬೇಕು. ನಾ ಈ ಊರಾಗ ಸತ್ತ ಈ ಊರಾಗ ಮಣ್ಣಾಗಬೇಕು. ನಿನಗ ಇನ್ನೂ ಆ ವಯಸ್ಸ ಬಂದಿಲ್ಲ, ಅದಕ್ಕ ದೊಡ್ಡ ಮಾತ ಹೇಳ್ತಿ."

ಕಾಂಚನ ಎದ್ದು ಹೋಗಿ ಹಿಟ್ಟು ನಾದಲು ಕೂತಳು. ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಗಿದ್ದು. ಇವರೆಲ್ಲ ಕೆಟ್ಟವರಾಗಿದ್ದರೆ ತಾನು ಗಟ್ಟಿಯಾಗಿ ನಿಲ್ಲಬಹುದಿತ್ತು. ಯಾರೂ ಕೆಟ್ಟವರಾಗಿರಲಿಲ್ಲ. ಎಲ್ಲರಿಗೂ ಒಂದು ಗೇಣು ಜಾಗ ಬೇಕಾಗಿತ್ತು, ಅಷ್ಟೆ.

ಮೀಟಿಂಗು ನಗರಪಂಚಾಯತಿಯ ಹೊಸ ಕಟ್ಟಡದಲ್ಲಿ ನಡೆಯಿತು. ಫ್ಯಾನು ತಿರುಗುತ್ತಿತ್ತು, ಗುಮಾಸ್ತ ಮರಾಠಿಯಲ್ಲಿ ಠರಾವುಗಳನ್ನು ಒಂದೇ ದನಿಯಲ್ಲಿ ಓದಿಕೊಂಡು ಹೋಗುತ್ತಿದ್ದ. ನೀರಿನ ಪೈಪು, ಬೀದಿದೀಪ, ಗಟಾರು. ದಫನಭೂಮಿಯ ಸರದಿ ಬಂದಾಗ ಸೂಚಕಿ ಎಂದು ಅವಳ ಹೆಸರು ಓದಿದ. ಕಾಂಚನ ಎದ್ದಳು. ಮೇಜು ಹಿಡಿದು ನಿಂತಳು.

"ಅಧ್ಯಕ್ಷರ, ಈ ಠರಾವಿಗೆ ನನ್ನ ಹೆಸರ ಬ್ಯಾಡ್ರಿ. ಅಲ್ಲಿ ಸಂಸಾರ ಅದಾವ. ಅವರನ್ನ ಎಬ್ಬಿಸಿದ ಜಾಗಾದಾಗ ನಿಂತು ನಮ್ಮ ಸತ್ತವರಿಗೆ ಶಾಂತಿ ಸಿಗಲಿ ಅಂತ ಬೇಡಾಕ ನಮಗ ಬಾಯಿ ಬರೂದಿಲ್ಲ. ಅವರಿಗೆ ಆ ಜಾಗಾ ಬರಕೊಡ್ರಿ. ನಮಗ ಬ್ಯಾರೆ ಎಲ್ಲೆರ ಸಿಕ್ಕಾಗ ಸಿಗಲಿ."

ಎದುರು ಪಾರ್ಟಿಯ ಸೋಮಲಿಂಗ ಮೇಜು ಬಡಿದ. "ನೋಡ್ರಿ, ಅಕ್ಕಾರ ನಮ್ಮ ಕಡಿ ಬಂದ್ರು" ಎಂದ. ಅವನ ಕಡೆಯವರು ನಕ್ಕರು.

"ನಿಮ್ಮ ಕಡೀನೂ ಅಲ್ರಿ" ಎಂದಳು ಕಾಂಚನ. "ಯಾರ ಕಡಿನೂ ಅಲ್ಲ."

ಆ ಮಾತು ಯಾರಿಗೂ ತಿಳಿಯಲಿಲ್ಲ. ಶ್ರೀಶೈಲಪ್ಪ ಅವಳ ಕಡೆ ನೋಡದೆ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದ. ಹತ್ತು ನಿಮಿಷ ಸಭೆ ನಿಲ್ಲಿಸಿದರು. ಎರಡೂ ಪಾರ್ಟಿಯ ಮುಂದಾಳುಗಳು ಒಳಗಿನ ಕೋಣೆಗೆ ಹೋಗಿ ಬಂದರು. ಮತ್ತೆ ಕೂತಾಗ ಅದೇ ಠರಾವು ಬೇರೆ ಹೆಸರು ಹೊತ್ತು ಬಂತು. ಅದೇ ಜಾಗದಲ್ಲಿ ವ್ಯಾಪಾರ ಸಂಕುಲ ಎಂಬ ಅಂಗಡಿ ಮಳಿಗೆಗಳ ಕಟ್ಟಡ ಕಟ್ಟುವುದು, ರಸ್ತೆಗೆ ಹತ್ತಿದ ಅತಿಕ್ರಮಣ ತೆಗೆಯುವುದು. ಅಂಗಡಿಗಳಲ್ಲಿ ತಮ್ಮವರಿಗೂ ಪಾಲುಂಟೆಂದು ಸೋಮಲಿಂಗನ ಕಡೆಯವರೂ ಕೈ ಎತ್ತಿದರು. ಕಾಂಚನಳ ಕೈ ಮಾತ್ರ ಮೇಜಿನ ಮೇಲೆಯೇ ಉಳಿಯಿತು.

ಹೊರಗೆ ಬರುವಾಗ ಮೆಟ್ಟಿಲ ಹತ್ತಿರ ಶ್ರೀಶೈಲಪ್ಪ ನಿಂತಿದ್ದ. "ಏನ ಸಾಧಿಸಿದ್ರಿ?" ಎಂದು ಕೇಳಿದ. "ಅವ್ರೂ ಹೋಗ್ತಾರ, ನಿಮಗೂ ಇಲ್ಲ." ಅವನಿಗೆ ನಿಜವಾಗಿ ತಿಳಿದುಕೊಳ್ಳುವುದಿತ್ತು ಅನ್ನಿಸುವಂತಿತ್ತು ಆ ಪ್ರಶ್ನೆ. ಕಾಂಚನ ಮೆಟ್ಟಿಲಿಳಿದು ಹೋದಳು.

ಸಂಜೆಯ ಹೊತ್ತಿಗೆ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಅವಳ ಫೋಟೋ ತಿರುಗಿತು. ಪಾರಧಿಗಳನ್ನು ಮತಾಂತರ ಮಾಡುವುದಕ್ಕೆಂದೇ ಅವರ ಪರ ನಿಂತಿದ್ದಾಳೆ, ಮಿಶನರಿಗಳು ಹಿಂದಿದ್ದಾರೆ ಎಂದು ಬರೆದಿದ್ದರು. ಅವಳ ಖಾನಾವಳಿಯಲ್ಲಿ ವರ್ಷಗಟ್ಟಲೆ ಉಂಡ ಒಬ್ಬ ಮಾಸ್ತರ ಅದಕ್ಕೆ ಹೆಬ್ಬೆರಳು ಎತ್ತಿದ ಗುರುತು ಹಾಕಿದ್ದ. ಅತ್ತ ತಮ್ಮದೇ ಮಂದಿ ಎದುರಿಗೆ ಸಿಕ್ಕರೆ ದಾರಿ ಬದಲಿಸಿದರು. ದೊಡ್ಡವಳಾಗುವುದಕ್ಕೆ ಹೋಗಿ ಸಮಾಜದ ಕೈಗೆ ಬಂದದ್ದನ್ನು ಚೆಲ್ಲಿದಳು ಎಂದು ಕೆಲವರು. ಎದುರು ಪಾರ್ಟಿಯವರಿಂದ ಏನೋ ಸಿಕ್ಕಿರಬೇಕೆಂದು ಇನ್ನೂ ಕೆಲವರು. ಪಾರ್ಟಿಯವರು ಅದನ್ನು ಧರ್ಮ ಎಂದರು, ಧರ್ಮದವರು ಪಾರ್ಟಿ ಎಂದರು. ಮಧ್ಯಾಹ್ನದ ಊಟಕ್ಕೆ ಬೆಂಚು ಖಾಲಿ ಬೀಳತೊಡಗಿತು. ಬಡಿದ ರೊಟ್ಟಿ ಉಳಿದು ಬುಟ್ಟಿಯಲ್ಲೇ ಒಣಗಿದವು.

ಗುಡಿಸಲು ಕೀಳುವ ದಿನ ಬೆಳಿಗ್ಗೆ ಅವಳು ನಡೆದುಕೊಂಡೇ ಗಾಯರಾಣಕ್ಕೆ ಹೋದಳು. ಜೊತೆಗೆ ಬರುತ್ತೀಯಾ ಎಂದು ಯಾರನ್ನೂ ಕೇಳಲಿಲ್ಲ. ಜೇಸಿಬಿ ಬಂದು ನಿಂತಿತ್ತು, ಪೊಲೀಸರು ಜಾಲಿಯ ನೆರಳಲ್ಲಿ ಕೂತಿದ್ದರು. ಕಾಂಚನ ಸೆರಗು ಬಿಗಿದು ಜೇಸಿಬಿಯ ಮುಂದೆ ಹೋಗಿ ನಿಂತಳು. ಘೋಷಣೆ ಕೂಗಲಿಲ್ಲ. ಏನು ಕೂಗಬೇಕೆಂದು ಗೊತ್ತಿರಲಿಲ್ಲ. ಕೈಯಲ್ಲಿ ಜಪಸರ ಇತ್ತು, ತುಟಿಯಲ್ಲಿ ನಮೋ ಮರಿಯೆ ಪ್ರಾರ್ಥನೆ ನಡೆದಿತ್ತು.

ಅವಳ ಖಾನಾವಳಿಯಲ್ಲಿ ಉಣ್ಣುತ್ತಿದ್ದ ಹವಾಲ್ದಾರನೇ ಹತ್ತಿರ ಬಂದ. "ಅಕ್ಕಾರ, ನಮಗ್ಯಾಕ ಪೇಚಿಗೆ ಹಾಕ್ತೀರಿ. ಈಚಿ ಕಡಿ ಬರ್ರಿ, ಇಲ್ಲಿ ನೆಳ್ಳಾಗ ಕುಂದ್ರಿ."

ಅವಳು ಸರಿಯಲಿಲ್ಲ. ಆಗ ಹಿಂದಿನಿಂದ ಶೀತಲ ಬಂದು ಅವಳ ಮೊಳಕೈ ಮುಟ್ಟಿದಳು. ತಲೆಯ ಮೇಲೆ ಹಾಸಿಗೆಯ ಗಂಟಿತ್ತು.

"ಸರೀರಿ ಅಕ್ಕಾ. ನೀವು ಹಿಂಗ ನಿಂತ್ರ ಅವ್ರಿಗೆ ಸಿಟ್ಟ ಬರ್ತೈತಿ. ಸಿಟ್ಟ ಬಂದ್ರ ಸಾಮಾನ ತಗ್ಯಾಕ ಬಿಡಂಗಿಲ್ಲ. ನಿಮ್ಮನ್ನ ಮನಿಗೆ ಕಳಸ್ತಾರ, ನಮ್ಮ ಗಂಡಸರನ್ನ ಚೌಕಿಗೆ ಒಯ್ತಾರ."

ಕಾಂಚನ ಸರಿದಳು. ಅಷ್ಟು ದಿನ ಎದೆಯೊಳಗೆ ಕಟ್ಟಿಕೊಂಡಿದ್ದೆಲ್ಲ ಅಲ್ಲೇ ಕುಸಿದಂತಾಯಿತು. ಆಮೇಲೆ ಜಪಸರವನ್ನು ಕೊರಳಿಗೆ ಹಾಕಿಕೊಂಡು ಶೀತಲಳ ಗುಡಿಸಲಿಗೆ ಬಗ್ಗಿ ಹೋದಳು. ಕೊಡ, ಪರಾತ, ತಗಡಿನ ಪೆಟ್ಟಿಗೆ, ಒಂದೊಂದಾಗಿ ಹೊತ್ತು ರಸ್ತೆಯ ಆಚೆಗೆ ಇಟ್ಟಳು. ಜ್ವರದಿಂದ ಎದ್ದ ಹುಡುಗಿ ಕಾಂಚನಳ ಸೊಂಟದ ಮೇಲೆ ಕೂತು ಜೇಸಿಬಿಯನ್ನೇ ನೋಡುತ್ತಿತ್ತು. ಮಧ್ಯಾಹ್ನದೊಳಗೆ ನೆಲ ಸಪಾಟಾಯಿತು. ಯಾರೋ ದೂರದಿಂದ ವಿಡಿಯೋ ಮಾಡಿಕೊಂಡರು. ಕೂಸನ್ನು ಎತ್ತಿಕೊಂಡು, ಕೊರಳಲ್ಲಿ ಶಿಲುಬೆ ಹಾಕಿಕೊಂಡು ಅವಳು ನಡೆಯುವುದಷ್ಟೇ ಅದರಲ್ಲಿತ್ತು. ಸಂಜೆ ಅದೂ ಊರೆಲ್ಲ ತಿರುಗಿತು.

ಶೀತಲಳ ಕಡೆಯವರು ಒಂದೆರಡು ದಿನ ರಸ್ತೆಯ ಬದಿಯಲ್ಲಿದ್ದರು. ಕಾಂಚನ ರೊಟ್ಟಿ ಕಟ್ಟಿಕೊಂಡು ಹೋಗಿ ಕೊಟ್ಟು ಬಂದಳು. ಮತ್ತೊಂದು ದಿನ ಹೋದಾಗ ಯಾರೂ ಇರಲಿಲ್ಲ. ಹೇಳಿ ಹೋಗಬೇಕೆಂದು ಅವರಿಗೆ ಅನ್ನಿಸಿರಲಿಲ್ಲ, ಅನ್ನಿಸಬೇಕಾಗಿಯೂ ಇರಲಿಲ್ಲ. ಗುಡ್ಡಾಪುರದ ದಾನಮ್ಮನ ಗುಡಿಯ ಹತ್ತಿರ ಕಂಡಿದ್ದರೆಂದು ಯಾರೋ ಅಂದರು. ಕಾಂಚನ ಬಸ್ಸು ಹತ್ತಿ ಹೋಗಿ ಗುಡಿಯ ಸುತ್ತಲಿನ ಅಂಗಡಿ ಸಾಲಿನಲ್ಲೆಲ್ಲ ಕೇಳಿದಳು. ಹೂವಿನ ಅಂಗಡಿಯ ಮುದುಕಿ ಮಾತ್ರ, ಬಂದಿದ್ರು, ಒಂದಿನ ಇದ್ದು ಎದ್ದು ಹೋದ್ರು ಎಂದಳು.

ಭಾಗವ್ವ ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ಅವಳ ಕೈಯ ಊಟ ಉಣ್ಣುತ್ತಿದ್ದಳು, ಅವಳ ಕೈಯಿಂದಲೇ ಮೈ ತೊಳೆಸಿಕೊಳ್ಳುತ್ತಿದ್ದಳು, ಮಾತು ಮಾತ್ರ ಇಲ್ಲ. ಮಳೆಗಾಲ ಶುರುವಾದ ಮೇಲೆ ಎದೆಯಲ್ಲಿ ಕಫ ಕಟ್ಟಿತು. ಜತ್ತದ ಡಾಕ್ಟರರು ಮನೆಗೆ ಕರೆದೊಯ್ಯಲು ಹೇಳಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಚಮಚೆಯನ್ನು ಕೈಯಿಂದ ತಡೆದು, ಎಷ್ಟೋ ದಿನಗಳ ಮೇಲೆ ಬಾಯಿ ತೆರೆದಳು.

"ಆ ಹುಡುಗಿ ಈಗ ಎಲ್ಲಿ ಅದಾಳ?"

"ಗೊತ್ತಿಲ್ರಿ ಅತ್ತಿ. ಗುಡ್ಡಾಪುರಕ್ಕ ಹೋಗಿ ನೋಡಿ ಬಂದೇನಿ. ಸಿಗಲಿಲ್ಲ."

"ಯಾರ ಕೂಡಾನೂ ಹೇಳಿಲ್ಲ ನೀ, ಹೋಗಿದ್ದಿ ಅಂತ."

"ಯಾರಿಗ ಹೇಳ್ಲಿರಿ?"

ಭಾಗವ್ವ ಅವಳ ಮುಖವನ್ನೇ ನೋಡಿದಳು. ಕ್ಷಮಿಸಿದ ನೋಟವೋ, ಬರೀ ದಣಿದ ನೋಟವೋ ಕಾಂಚನಳಿಗೆ ತಿಳಿಯಲಿಲ್ಲ. "ನನ್ನ ಒಯ್ಯೂಮುಂದ ಟೆಂಪೋ ಬ್ಯಾಡ" ಎಂದಳು ಮುದುಕಿ. "ಭಾಳ ಕುಲಕತೈತಿ." ಆಮೇಲೆ ಗಂಜಿ ಕುಡಿದಳು. ಎರಡು ದಿನಕ್ಕೆ ತೀರಿಕೊಂಡಳು.

ಸಾವಿಗೆ ಮಂದಿ ಕಡಿಮೆ ಬಂದರು. ಶ್ರೀಶೈಲಪ್ಪ ಬಂದ. ಹೂವಿನ ಹಾರ ಹಾಕಿ, ಕಾಲು ಮುಟ್ಟಿ, ಬಾಗಿಲ ಹತ್ತಿರ ನಿಂತಿದ್ದ ಕಾಂಚನಳಿಗೆ ಮೆಲ್ಲಗೆ ಹೇಳಿದ: "ಅವತ್ತ ಸುಮ್ನ ಕುಂತಿದ್ರ ಇವತ್ತ ಹಿರಿಯಾಕಿ ನಮ್ಮ ಊರಾಗ ಇರತಿದ್ಲು." ಚುಚ್ಚಬೇಕೆಂದು ಅಂದದ್ದಲ್ಲ, ಅವನ ಕಣ್ಣೂ ತೇವವಾಗಿತ್ತು. ಅವಳು ಹೌದೆಂದು ತಲೆ ಆಡಿಸಿದಳು. ಅದು ನಿಜವೇ ಆಗಿತ್ತು.

ಶವದ ಗಾಡಿಯನ್ನು ಮಿರಜದಿಂದಲೇ ಫಾದರ್ ಕಳಿಸಿದ್ದರು. ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ತಾನಾಜಿ ತಾಯಿಯ ತಲೆಯ ಕಡೆ ಕೂತ, ಕಾಂಚನ ಕಾಲ ಕಡೆ ಕೂತಳು. ತಮ್ಮಣ್ಣನ ಗೋರಿಯ ಸಾಲು ಎಂದೋ ತುಂಬಿತ್ತು. ಭಾಗವ್ವನಿಗೆ ಕಂಪೌಂಡ್ ಗೋಡೆಯ ಪಕ್ಕದಲ್ಲಿ, ಗುರುತು ಪರಿಚಯ ಇಲ್ಲದವರ ನಡುವೆ ಜಾಗ ಸಿಕ್ಕಿತು. ಕುಣಿಯಲ್ಲಿ ನೀರು ಒಸರುತ್ತಿತ್ತು. ಪೆಟ್ಟಿಗೆ ಇಳಿಸುವ ಮುಂಚೆ ನೀರನ್ನು ಬಕೆಟ್ಟಿನಿಂದ ಎತ್ತಿ ಚೆಲ್ಲಬೇಕಾಯಿತು. ಫಾದರ್ ಲಾಜರ್ ಪ್ರಾರ್ಥನೆ ಹೇಳುವಾಗ ಎರಡು ಸಲ ತಡವರಿಸಿದರು. ಎಲ್ಲ ಮುಗಿದ ಮೇಲೆ ಕಾಂಚನಳ ಹತ್ತಿರ ಬಂದು, "ಅವತ್ತು ನಾನು ನಿನಗೆ ಉತ್ತರ ಹೇಳಬೇಕಾಗಿತ್ತು" ಎಂದರು.

"ಹೇಳಿದ್ರ ಏನ ಆಗ್ತಿತ್ರಿ ಫಾದರ್?"

"ನೀನು ಒಬ್ಬಳೇ ಇರ್ತಿರಲಿಲ್ಲ."

ಕೊಡೆ ಹಿಡಿದು ಅವರು ಹೋದರು. ತಾನಾಜಿ ಹಸಿ ಮಣ್ಣಿನ ಮೇಲೆ ಇಟ್ಟಿಗೆಯೊಂದನ್ನು ಗುರುತಿಗೆ ಊರಿದ. ಊರಿಗೆ ಮರಳುವಾಗ ಅವನು ಮುಂದೆ ಡ್ರೈವರನ ಪಕ್ಕದಲ್ಲಿ ಕೂತ, ಅವಳು ಹಿಂದೆ ಖಾಲಿ ಗಾಡಿಯಲ್ಲಿ.

ಒಂದು ವಾರದ ಮೇಲೆ ಸಮಾಜದ ಹಿರಿಯರು ಹಂಚಿನ ಕೋಣೆಯಲ್ಲಿ ಕೂಡಿದರು. ಜಾಗಕ್ಕಾಗಿ ಶ್ರೀಶೈಲಪ್ಪನ ಹತ್ತಿರ ಮತ್ತೆ ಹೋಗುವುದೆಂದು, ತಾನಾಜಿಯೇ ಮುಂದಾಗಿ ಮಾತಾಡುವುದೆಂದು ಠರಾಯಿಸಿದರು. ಕಾಂಚನ ಆ ಮಾತುಕತೆಗೆ ಬರುವುದು ಬೇಡ, ಬಂದರೆ ಕೆಲಸ ಕೆಡುತ್ತದೆ ಎಂದರು. ಓಣಿಯ ಹಿರಿಯಳು ನಂದಾ ಮನೆಗೇ ಬಂದು ಇದನ್ನು ತಿಳಿಸಿದಳು. "ಬ್ಯಾಸರಾ ಮಾಡ್ಕೋಬ್ಯಾಡವ್ವ. ಪ್ರಾರ್ಥನಾಕ ಬಾ. ಆದ್ರ ಅಲ್ಲಿ ಆ ಪಾರಧಿ ಮಂದಿ ಮಾತ ತಗೀಬ್ಯಾಡ. ದೇವರ ಮುಂದ ರಾಜಕೀಯ ಬ್ಯಾಡ."

"ಆತ್ರಿ" ಎಂದಳು ಕಾಂಚನ.

ಭಾನುವಾರ ಅವಳು ಎಂದಿನಂತೆ ಹೋಗಿ ಹೆಂಗಸರ ಸಾಲಿನಲ್ಲಿ ಚಾಪೆಯ ಮೇಲೆ ಕೂತಳು. ಅವಳ ಮಗ್ಗಲಿಗೆ ಯಾರೂ ಕೂರಲಿಲ್ಲ. ಹೊರಗೆ ರಸ್ತೆಯಲ್ಲಿ ಯಾವುದೋ ಪಾರ್ಟಿಯ ಮೆರವಣಿಗೆ ಡಿಜೆ ಹಚ್ಚಿಕೊಂಡು ಹೊರಟಿತ್ತು, ಹಂಚು ನಡುಗುತ್ತಿತ್ತು. ಹಾಡು ಮುಗಿದು ಕೋರಿಕೆಗಳು ಶುರುವಾದವು.

ಅಲ್ಲಿ ವಾಡಿಕೆ ಏನೆಂದರೆ, ತಮಗೆ ಬೇಕಾದವರ ಹೆಸರನ್ನು ಒಬ್ಬೊಬ್ಬರೇ ಹೇಳುವುದು. ಕಾಯಿಲೆಯವರು, ಪರೀಕ್ಷೆ ಬರೆಯುವವರು, ತೀರಿಹೋದವರು. ಪ್ರತಿ ಹೆಸರಿಗೂ ಉಳಿದವರು, ಪ್ರಭುವೇ ನಮ್ಮ ಮೊರೆ ಕೇಳು ಎಂದು ಮರಾಠಿಯಲ್ಲಿ ಒಟ್ಟಿಗೆ ಹೇಳುವುದು. ತಾನಾಜಿ ತನ್ನ ತಾಯಿಯ ಹೆಸರು ಹೇಳಿದ. ಎಲ್ಲರೂ ಗಟ್ಟಿಯಾಗಿ ಮೊರೆಯಿಟ್ಟರು. ಸಾಲು ಮುಂದೆ ಬಂತು.

"ಶೀತಲ" ಎಂದಳು ಕಾಂಚನ. ಅಷ್ಟೇ ಹೇಳಿದಳು. ಯಾರೆಂದು ಹೇಳಲಿಲ್ಲ.

ಕೋಣೆಯಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ಹೊರಗಿನ ಡಿಜೆಯ ಸದ್ದು ಬಂದು ಹೋಯಿತು. ನಂದಾ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಒಬ್ಬರು, ಬಹುಶಃ ರೂಢಿಯ ಬಲದಿಂದಲೇ, ಮೊರೆಯ ಮಾತನ್ನು ಶುರುಮಾಡಿದರು. ಇನ್ನೊಂದಿಬ್ಬರು ಸಣ್ಣ ದನಿಯಲ್ಲಿ ಅದನ್ನು ಮುಗಿಸಿದರು. ತಾನಾಜಿಯ ದನಿ ಅದರಲ್ಲಿತ್ತೋ ಇಲ್ಲವೋ ಅವಳು ಕಿವಿಗೊಡಲಿಲ್ಲ. ಕೇಳಿ ತಿಳಿದುಕೊಳ್ಳುವುದಕ್ಕೆ ಅವಳಿಗೆ ಧೈರ್ಯ ಸಾಲಲಿಲ್ಲ. ಸರದಿ ಸಾಲಿನ ಮುಂದಿನವಳಿಗೆ ಹೋಯಿತು. ಅವಳು ತನ್ನ ಮೊಮ್ಮಗನ ಹೆಸರು ಹೇಳಿದಳು, ಕಾಂಚನ ಉಳಿದವರ ಜೊತೆ ದನಿ ಕೂಡಿಸಿದಳು.